ಆಪ್ಷನ್ ಪಟ್ಟಿಯ ಮೇಲಿನ ಸಾಲು: ಎಂಬಿಬಿಎಸ್ಸೋ ಬಿಡಿಎಸ್ಸೋ, ಒಂದು ಪ್ರಕರಣ

ನಾನು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನೀಟ್ ಫಲಿತಾಂಶ ಬಂದ ಮರುದಿನದಿಂದ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಅಪ್ಪ ಅಮ್ಮಂದಿರು ನಿಂತಿರುತ್ತಾರೆ. ಕೈಯಲ್ಲಿ ಅಂಕದ ಪ್ರಿಂಟು. ಕೇಳುವ ಮಾತು ಒಂದೇ. "ಸಾರ್, ಇಷ್ಟಕ್ಕೆ ಮೆಡಿಕಲ್ ಸಿಗುತ್ತಾ? ಇಲ್ಲಾಂದ್ರೆ ಡೆಂಟಲ್ಲಾದ್ರೂ ತಗೋಬಹುದಾ?"

ಆ "ಆದ್ರೂ" ಅನ್ನೋ ಪದ ಇದೆಯಲ್ಲ, ಅದರ ಬಗ್ಗೆಯೇ ಈ ಬರಹ.

ಇಲ್ಲಿ ಹೇಳುವ ಹುಡುಗಿಯ ಹೆಸರು ಬರೆಯುವುದಿಲ್ಲ. ಊರಿನ, ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಅಂಕವನ್ನೂ ಹೇಳುವುದಿಲ್ಲ. ಕಟ್ ಆಫ್ ಪ್ರತಿ ವರ್ಷ ಬೇರೆ. ಅಂದಿನ ಅಂಕ ಇಟ್ಟುಕೊಂಡು ಇಂದು ಯಾರಾದರೂ ಲೆಕ್ಕ ಹಾಕಿದರೆ ತಪ್ಪು ದಾರಿಗೆ ಹೋಗುತ್ತಾರೆ. ಬರೆದದ್ದನ್ನು ಅವಳಿಗೆ ಕಳಿಸಿದ್ದೆ. ಓದಿ ಒಪ್ಪಿದಳು. ಒಂದು ಪದ ಮಾತ್ರ ಹೊಡೆದು ಹಾಕಿದಳು. ಅದು ಯಾವುದು ಅಂತ ಮುಂದೆ ಬರುತ್ತದೆ.

ಹಿನ್ನೆಲೆ

ಸಕಲೇಶಪುರ ತಾಲ್ಲೂಕಿನ ಒಳಗಿನ ಊರು. ನಾಲ್ಕು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಎಸ್ಟೇಟ್ ಅನ್ನಬೇಡಿ, ತೋಟ ಅಷ್ಟೇ. 2018ರ ಆಗಸ್ಟ್ ಮಳೆ ನೆನಪಿರಬೇಕಲ್ಲ? ಕೊಡಗಿನ ಸುದ್ದಿ ಎಲ್ಲ ಕಡೆ ಬಂತು. ನಮ್ಮ ಕಡೆ ಶಿರಾಡಿ ಘಾಟ್ ಕುಸಿದಿದ್ದೂ, ಕಾಫಿ ಕಾಯಿ ಉದುರಿದ್ದೂ, ಮೆಣಸಿನ ಬಳ್ಳಿ ಕೊಳೆತಿದ್ದೂ ಅದೇ ಮಳೆಗೆ. ಇವರ ತೋಟಕ್ಕೂ ಏಟು ಬಿತ್ತು. ಮೆಣಸಿನ ಬೆಲೆ ಬೇರೆ ಎರಡು ಮೂರು ವರ್ಷದ ಹಿಂದೆ ಇದ್ದದ್ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹುಡುಗಿ ದ್ವಿತೀಯ ಪಿಯು ಓದಿದ್ದು ಆ ವರ್ಷ.

ಏಳನೇ ತರಗತಿವರೆಗೆ ಊರಿನ ಹತ್ತಿರದ ಶಾಲೆ. ಎಂಟಕ್ಕೆ ಹಾಸನದಲ್ಲಿ ಅತ್ತೆ ಮನೆಗೆ ಬಂದಳು, ಒಳ್ಳೆ ಶಾಲೆ ಅಂತ. ಆ ನಿರ್ಧಾರದ ಬೆಲೆ ಐದು ವರ್ಷ ಕಳೆದ ಮೇಲೆ ಗೊತ್ತಾಯಿತು. ನಮ್ಮ ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮೀಸಲಾತಿ ಶೇ 15. ಆದರೆ ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಅದಕ್ಕೆ ಮುಖ್ಯೋಪಾಧ್ಯಾಯರ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ. ಇವಳದ್ದು ಏಳೇ ವರ್ಷ. ಅಂದರೆ ಗ್ರಾಮೀಣ ಲೆಕ್ಕಕ್ಕೆ ಸೊನ್ನೆ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ಕಾಗದದ ಮೇಲೆ ಪೇಟೆಯವಳಾದಳು.

2019ರ ಮೇ 5ಕ್ಕೆ ನೀಟ್. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ನನ್ನ ವಿಷಯದ್ದೇ. ಜೀವಶಾಸ್ತ್ರದಲ್ಲಿ ಅವಳು ಚೆನ್ನಾಗಿ ಮಾಡಿದ್ದಳು. ಭೌತಶಾಸ್ತ್ರ ಕೈಕೊಟ್ಟಿತು. ಜೂನ್ 5ಕ್ಕೆ ಫಲಿತಾಂಶ ಬಂತು. ಸರ್ಕಾರಿ ಶುಲ್ಕದ ಎಂಬಿಬಿಎಸ್ ಸೀಟಿಗೆ ಸ್ವಲ್ಪದರಲ್ಲಿ ಕೆಳಗೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜಿಗೂ ಇಲ್ಲ, ಬೇರೆ ಜಿಲ್ಲೆಯದ್ದಕ್ಕೂ ಇಲ್ಲ. ಚಿಕ್ಕಮಗಳೂರಿನಲ್ಲಿ ಆಗ ಸರ್ಕಾರಿ ಮೆಡಿಕಲ್ ಕಾಲೇಜೇ ಇರಲಿಲ್ಲ, ಶುರುವಾದದ್ದು ಆಮೇಲೆ. ಗ್ರಾಮೀಣ ಪತ್ರ ಇದ್ದಿದ್ದರೆ ಸಿಗುತ್ತಿತ್ತು ಅಂತ ನನ್ನ ಅಂದಾಜು. ಅವಳ ಅಮ್ಮನಿಗೆ ನಾನು ಇದನ್ನು ಹೇಳಲಿಲ್ಲ. ಹೇಳಿ ಏನು ಮಾಡೋದು?

ಸಮಸ್ಯೆ, ಮತ್ತು ನನ್ನ ತಪ್ಪು

ಮುಂದೆ ಮೂರು ದಾರಿ ಇದ್ದವು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಬಿಡಿಎಸ್ ಸಿಗುವ ಸಾಧ್ಯತೆ ಚೆನ್ನಾಗಿತ್ತು. ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ಎಂಬಿಬಿಎಸ್ ಖಂಡಿತ ಸಿಗುತ್ತಿತ್ತು, ಆದರೆ ವರ್ಷಕ್ಕೆ ಆರು ಲಕ್ಷಕ್ಕಿಂತ ಜಾಸ್ತಿ ಶುಲ್ಕ. ಮೂರನೆಯದು ಒಂದು ವರ್ಷ ನಿಂತು ಮತ್ತೆ ನೀಟ್ ಬರೆಯೋದು.

ಮನೆಯಲ್ಲಿ ಅಪ್ಪ ಸುಮ್ಮನೆ ಇದ್ದರು. ಮಾತಾಡಿದ್ದು ಬೆಂಗಳೂರಿನಲ್ಲಿರುವ ಚಿಕ್ಕಪ್ಪ. "ನಮ್ಮ ಮನೇಲಿ ಮೊದಲ ಡಾಕ್ಟರ್ ಆಗಬೇಕಾದೋಳು, ಹಲ್ಲು ಕೀಳೋಕೆ ಹೋಗ್ತಾಳಾ?" ಅಜ್ಜಿಗೂ ಅದೇ ಚಿಂತೆ. ಜ್ವರಕ್ಕೆ ಸೂಜಿ ಚುಚ್ಚದ ಡಾಕ್ಟರ್ ಎಂಥ ಡಾಕ್ಟರ್?

ನಾನು ಏನು ಹೇಳಿದೆ? "ಒಂದು ವರ್ಷ ನಿಲ್ಲು, ಭೌತಶಾಸ್ತ್ರ ತಿದ್ದಿಕೋ, ಎಂಬಿಬಿಎಸ್ ಆಗುತ್ತೆ" ಅಂದೆ. ಅದು ಕೆಟ್ಟ ಸಲಹೆ ಅಲ್ಲದೇ ಇರಬಹುದು. ಆದರೆ ಅದು ಎಲ್ಲಿಂದ ಬಂತು ಅನ್ನೋದನ್ನು ಒಪ್ಪಿಕೊಳ್ಳಬೇಕು. ನಮ್ಮಂಥ ಕಾಲೇಜುಗಳು ಜುಲೈನಲ್ಲಿ ಫ್ಲೆಕ್ಸ್ ಕಟ್ಟುತ್ತವೆ. ಎಂಬಿಬಿಎಸ್ ಮಕ್ಕಳ ಮುಖ ದೊಡ್ಡದಾಗಿ ಮೇಲೆ. ಬಿಡಿಎಸ್‌ನವರು ಕೆಳಗೆ ಅಂಚೆಚೀಟಿ ಸೈಜಿನಲ್ಲಿ. ವರ್ಷಗಟ್ಟಲೆ ಆ ಫ್ಲೆಕ್ಸ್ ನೋಡಿ ನೋಡಿ ನನ್ನ ತಲೆಯಲ್ಲೂ ಅದೇ ಅಳತೆ ಕೂತಿತ್ತು. ಹುಡುಗಿಗೆ ಏನು ಇಷ್ಟ ಅಂತ ನಾನು ಕೇಳಿರಲಿಲ್ಲ. ಕೇಳಿದ್ದು ಎರಡನೇ ಭೇಟಿಯಲ್ಲಿ. ಆಗ ಅವಳು ಹೇಳಿದ್ದು, "ಗೊತ್ತಿಲ್ಲ ಸಾರ್. ನಾನು ಎರಡನ್ನೂ ಹತ್ತಿರದಿಂದ ನೋಡಿಲ್ಲ."

ಸರಿಯಾದ ಮಾತು. ಹದಿನೆಂಟು ವರ್ಷದ ಹುಡುಗಿ ಆಸ್ಪತ್ರೆಗೆ ಹೋಗಿರೋದು ರೋಗಿಯಾಗಿ, ಇಲ್ಲ ರೋಗಿಯ ಜೊತೆಗೆ. ಕುರ್ಚಿಯ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಅವಳಿಗೆ ಗೊತ್ತಾಗೋದು ಹೇಗೆ?

ಏನು ಮಾಡಿ ನೋಡಿದೆವು

ಹಾಸನದಲ್ಲಿ ನನಗೆ ಪರಿಚಯದ ದಂತವೈದ್ಯರೊಬ್ಬರಿದ್ದಾರೆ. ತಾಲ್ಲೂಕಿನ ಕಡೆ ಒಬ್ಬ ಫಿಸಿಷಿಯನ್ ನರ್ಸಿಂಗ್ ಹೋಂ ನಡೆಸುತ್ತಾರೆ. ಇಬ್ಬರನ್ನೂ ಕೇಳಿಕೊಂಡೆ. ಒಂದೊಂದು ವಾರ ಅವಳು ಮೂಲೆಯಲ್ಲಿ ಕೂತು ನೋಡಲಿ. ರೋಗಿ ಬೇಡ ಅಂದರೆ ಎದ್ದು ಹೊರಗೆ ಹೋಗಬೇಕು. ಏನನ್ನೂ ಮುಟ್ಟಬಾರದು. ನೋಡಿದ್ದನ್ನು ಹೊರಗೆ ಹೇಳಬಾರದು.

ನರ್ಸಿಂಗ್ ಹೋಂನ ವಾರ ಅವಳಿಗೆ ಹಿಡಿಸಿತು. ಸಕ್ಕರೆ ಕಾಯಿಲೆ, ಬಿಪಿ, ದಮ್ಮು, ಜ್ವರ. ಬೆಳಿಗ್ಗೆ 9ಕ್ಕೆ ಶುರುವಾದ ಸಾಲು ಮಧ್ಯಾಹ್ನ 3ಕ್ಕೂ ಮುಗಿಯುತ್ತಿರಲಿಲ್ಲ. ರಾತ್ರಿ ಫೋನು ಬರುತ್ತಿತ್ತಂತೆ. ಆ ವೈದ್ಯರು ಒಂದು ಮಾತು ನೇರವಾಗಿ ಹೇಳಿದರು. "ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ, ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿಗೆ ಮುಗೀತು ಅಂದ್ಕೋಬೇಡ. ಎಂಡಿಗೋ ಎಂಎಸ್‌ಗೋ ಇನ್ನೊಂದು ಎಂಟ್ರೆನ್ಸು, ಆಮೇಲೆ ಮೂರು ವರ್ಷ. ಈಗಿನ ಜನ ಬರೀ ಎಂಬಿಬಿಎಸ್ ಅಂದ್ರೆ ಅನುಮಾನದಿಂದ ನೋಡ್ತಾರೆ."

ದಂತವೈದ್ಯರೂ ಬಣ್ಣ ಹಚ್ಚಲಿಲ್ಲ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅದರ ಮೇಲಿನ ಓದು ಎಂಡಿಎಸ್‌ಗೆ ಬೇರೆ ನೀಟ್, ಅದೂ ಮೂರು ವರ್ಷ. ಬಿಡಿಎಸ್ ಮುಗಿದ ಕೂಡಲೇ ಸ್ವಂತ ಕ್ಲಿನಿಕ್ ಇಡಬಹುದು ಅನ್ನೋದು ನಿಜ. ಆದರೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಎಲ್ಲಕ್ಕೂ ಮೊದಲೇ ದುಡ್ಡು ಹಾಕಬೇಕು. ಎಂಬಿಬಿಎಸ್‌ನವರು ಒಂದು ಮೇಜು ಹಾಕಿ ಸ್ಟೆಥೋಸ್ಕೋಪ್ ಇಟ್ಟುಕೊಂಡು ಶುರು ಮಾಡಬಹುದು, ನಾವು ಹಾಗಲ್ಲ ಅಂದರು. ಸರ್ಕಾರಿ ಹುದ್ದೆ ಕಡಿಮೆ. ಬೇರೆಯವರ ಕ್ಲಿನಿಕ್ಕಿನಲ್ಲಿ ಹೊಸಬರಿಗೆ ಕೊಡುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಕೊನೆಗೆ ತಮ್ಮ ಕತ್ತು ತೋರಿಸಿ, "ಇಪ್ಪತ್ತು ವರ್ಷ ಬಗ್ಗಿ ಕೆಲಸ ಮಾಡಿದ್ದಕ್ಕೆ ಬಂದ ಬಹುಮಾನ ಇದು" ಅಂದರಂತೆ.

ಇಷ್ಟೆಲ್ಲ ಕೇಳಿದ ಮೇಲೂ ಅವಳು ಆ ವಾರದ ಬಗ್ಗೆ ಮಾತಾಡುವಾಗ ಮುಖ ಬೇರೆ ಥರ ಇತ್ತು. ಎರಡು ಸಂಗತಿ ಹೇಳಿದಳು.

ಮೊದಲನೆಯದು ಕೈಕೆಲಸ. ರೂಟ್ ಕೆನಾಲ್ ಮಾಡುವಾಗ ಕೂದಲಿನಷ್ಟು ಸಣ್ಣ, ಅರದಂಥ ಫೈಲ್ ಹಲ್ಲಿನ ಒಳಗೆ ಹೋಗಿ ಬರೋದನ್ನು ಅವಳು ಮುಕ್ಕಾಲು ಗಂಟೆ ಅಲ್ಲಾಡದೆ ನೋಡಿದ್ದಳು. ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಇವಳೇ. ಅದು ನನಗೆ ಆಗ ನೆನಪಾಯಿತು. ಮೊದಲ ದಿನವೇ ನೆನಪಾಗಬೇಕಿತ್ತು.

ಎರಡನೆಯದು ಒಬ್ಬ ರೋಗಿ. ಸಂತೆಯ ದಿನ ಬಂದಿದ್ದ, ವಯಸ್ಸು ಮೂವತ್ತೂ ಇರಲಿಲ್ಲ. ಹಲ್ಲುನೋವು ಅಂತ ಬಂದವನು. ಡಾಕ್ಟರ್ ಬಾಯಿ ತೆಗೆ ಅಂದರು, ತೆಗೆಯೋಕೆ ಆಗಲಿಲ್ಲ. "ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಡು" ಅಂದರು. ಒಂದೇ ಬೆರಳು ಹೋಯಿತು. ಕೆನ್ನೆಯ ಒಳಗೆ ಬೆಳ್ಳಗೆ, ಹಗ್ಗದ ಹಾಗೆ ಬಿಗಿದ ಪಟ್ಟಿ. ಅಡಿಕೆ, ಗುಟ್ಕಾ ಜಗಿದು ಜಗಿದು ಬಾಯಿಯ ಒಳಪದರ ನಾರಾಗಿ ಗಟ್ಟಿಯಾಗುವ ಕಾಯಿಲೆ ಅದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಒಮ್ಮೆ ಗಟ್ಟಿಯಾದದ್ದು ಮೊದಲಿನ ಹಾಗೆ ಆಗೋದಿಲ್ಲ. ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ. ಎರಡನ್ನೂ ಅಂಗೈಯಲ್ಲಿ ಕಲಸಿ ಬಾಯಿಗೆ ಹಾಕೋದು ಯಾರಿಗೆ ಗೊತ್ತಿಲ್ಲ? ಅಡಿಕೆ ಒಂದೇ ಸಾಕು ಕ್ಯಾನ್ಸರ್ ತರೋಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. ಅಡಿಕೆ ಬೆಳೆಯುವ ಸೀಮೆಯಲ್ಲಿ ಈ ಮಾತು ಜೋರಾಗಿ ಹೇಳೋದು ಕಷ್ಟ, ಬಿಡಿ.

ಅವಳ ತೋಟದಲ್ಲಿ ಕೆಲಸಕ್ಕೆ ಬರುವವರಲ್ಲಿ ಹೀಗೆ ಬಾಯಿ ಸಣ್ಣಗಾದ ಇಬ್ಬರು ಇದ್ದರು. "ಅವರು ಖಾರ ತಿನ್ನಲ್ಲ, ದೊಡ್ಡ ತುತ್ತು ಇಡಲ್ಲ. ನಾವು ಅದು ಅವರ ಅಭ್ಯಾಸ ಅಂದ್ಕೊಂಡಿದ್ವಿ ಸಾರ್" ಅಂದಳು. ಆ ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ಹಲ್ಲು ಕೀಳುವ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದರ ಒಳಗೆ ಇದೂ ಇದೆ ಅಂತ ಅವಳಿಗೆ ಗೊತ್ತಾದದ್ದು ಆ ಸಂತೆಯ ದಿನ. ನನಗೂ ಅವಳಿಂದಲೇ.

ಬ್ಯಾಂಕು, ಪಹಣಿ, ಚಿಕ್ಕಪ್ಪ

ಇಷ್ಟಾದರೂ ನಿರ್ಧಾರ ಆಗಿರಲಿಲ್ಲ. ಚಿಕ್ಕಪ್ಪನ ಒತ್ತಾಯಕ್ಕೆ ಅಪ್ಪ ಶಿಕ್ಷಣ ಸಾಲ ಕೇಳಲು ಬ್ಯಾಂಕಿಗೆ ಹೋದರು. ವರ್ಷಕ್ಕೆ ಆರು ಲಕ್ಷ ಅಂತ ಹಿಡಿದರೂ ನಾಲ್ಕೂವರೆ ವರ್ಷಕ್ಕೆ 27 ಲಕ್ಷ. ಹಾಸ್ಟೆಲ್ ಬೇರೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಗ ಆಸ್ತಿ ಅಡ ಇಡಬೇಕಿತ್ತು. ಮ್ಯಾನೇಜರ್ ಪಹಣಿ ಕೇಳಿದರು. ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆ ಚಿಕ್ಕಪ್ಪನ ಹೆಸರೂ ಇತ್ತು. ಜಂಟಿ ಖಾತೆ, ಭಾಗ ಆಗಿರಲಿಲ್ಲ. ಅಂದರೆ ಚಿಕ್ಕಪ್ಪನ ಸಹಿ ಬೇಕು.

ಚಿಕ್ಕಪ್ಪ ಸಹಿ ಹಾಕಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. "ನೋಡೋಣ, ಮುಂದಿನ ವಾರ ಬರ್ತೀನಿ" ಅಂದರು. ಮೂರು ವಾರ ಹಾಗೇ ಹೋಯಿತು.

ನಾನು ಅವರನ್ನು ದೂರುತ್ತಿಲ್ಲ. ತಮ್ಮ ಪಾಲಿನ ತೋಟ ಅಣ್ಣನ ಮಗಳ ಓದಿಗೆ ಅಡ ಇಡೋಕೆ ಹೆದರೋದು ಸಹಜವೇ. ಆದರೆ ಡಾಕ್ಟರ್ ಆಗಲೇಬೇಕು ಅಂತ ಜೋರಾಗಿ ಹೇಳಿದವರೇ ಸಹಿಗೆ ಹಿಂದೆ ಸರಿದದ್ದು ಅಪ್ಪನ ಕಣ್ಣು ತೆರೆಸಿತು. ಒಂದು ಸಂಜೆ ಕಾಲೇಜಿಗೆ ಬಂದು ಕೂತರು. "ತೋಟ ಇಟ್ಟು ಓದಿಸಿದ್ರೆ, ಅವಳು ಯಾವಾಗ ಓದು ಮುಗಿಸ್ತಾಳೆ, ಯಾವಾಗ ತೋಟ ಬಿಡಿಸ್ತಾಳೆ ಮೇಷ್ಟ್ರೇ? ಅವಳ ಮದುವೆ ವಯಸ್ಸಿನ ತನಕ ನನ್ನ ಸಾಲ ಅವಳ ತಲೆ ಮೇಲೆ ಇರುತ್ತೆ." ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಣಕು ಹಂಚಿಕೆಯ ದಿನ

ಈ ನಡುವೆ ರಾಜ್ಯದಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ತುಂಬೋದು, ಶುರುವಾಗಿತ್ತು. ಚಿಕ್ಕಪ್ಪನ ಮಗ ಬಿ.ಎಂ. ರಸ್ತೆಯ ಒಂದು ಸೈಬರ್ ಸೆಂಟರಿನಲ್ಲಿ ಕೂತು ಅವಳ ಪಟ್ಟಿ ತುಂಬಿದ್ದ. ಅವಳು ಪಕ್ಕದಲ್ಲೇ ಇದ್ದಳು. ಪೂರ್ತಿ ಓದಿರಲಿಲ್ಲ. ಅಸಲಿ ಸುತ್ತಿಗೆ ಮೊದಲು ನಡೆಯುವ ಅಣಕು ಹಂಚಿಕೆ ಬಂದಾಗ ಮೊಬೈಲಿನಲ್ಲಿ ಕಂಡದ್ದು ಒಂದು ದೂರದ ಖಾಸಗಿ ಕಾಲೇಜಿನ ಎಂಬಿಬಿಎಸ್, ಖಾಸಗಿ ಕೋಟಾ. ಮನೆಯಲ್ಲಿ ಸಿಹಿ ಹಂಚೋಕೆ ಹೊರಟರು. ಅವಳು ಅಳುತ್ತಾ ನನಗೆ ಫೋನ್ ಮಾಡಿದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದರೆ ಪ್ರತಿ ವರ್ಷ ಇದರಲ್ಲೇ ಮಕ್ಕಳು ಎಡವುತ್ತಾರೆ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಓದುತ್ತಾ ಬರುತ್ತದೆ. ನಿಮ್ಮ ರ್‍ಯಾಂಕಿಗೆ ಸಿಗುವ ಮೊದಲ ಸೀಟು ಬಂದ ಕಡೆ ನಿಲ್ಲುತ್ತದೆ. ಕೆಳಗೆ ಏನಿದೆ ಅಂತ ನೋಡೋದಿಲ್ಲ. ನಿಮ್ಮ ಹತ್ತಿರ ದುಡ್ಡಿದೆಯಾ ಅಂತಲೂ ಕೇಳೋದಿಲ್ಲ. ಅವಳ ಪಟ್ಟಿಯಲ್ಲಿ ಖಾಸಗಿ ಕೋಟಾದ ಎಂಬಿಬಿಎಸ್‌ಗಳೆಲ್ಲ ಸರ್ಕಾರಿ ಬಿಡಿಎಸ್‌ಗಿಂತ ಮೇಲೆ ಇದ್ದವು. "ಎಂಬಿಬಿಎಸ್ ಎಲ್ಲ ಮೇಲೆ, ಬಿಡಿಎಸ್ ಎಲ್ಲ ಕೆಳಗೆ" ಅಂತ ಹುಡುಗ ಸುಲಭಕ್ಕೆ ತುಂಬಿಬಿಟ್ಟಿದ್ದ. ಅಸಲಿ ಸುತ್ತಿನಲ್ಲೂ ಹಾಗೇ ಇದ್ದಿದ್ದರೆ ಕಟ್ಟಲಾಗದ ಸೀಟು ಕೈಗೆ ಬರುತ್ತಿತ್ತು, ಕಟ್ಟಬಹುದಾದ ಸೀಟು ಬೇರೆಯವರಿಗೆ ಹೋಗುತ್ತಿತ್ತು.

ಅಣಕು ಹಂಚಿಕೆ ಇರೋದೇ ಇದಕ್ಕೆ. ಅದು ಸೀಟಲ್ಲ. ಪಟ್ಟಿ ತಿದ್ದೋಕೆ ಅವಕಾಶ ಇತ್ತು.

ಅವಳನ್ನೂ ಅಪ್ಪನನ್ನೂ ಕೂರಿಸಿಕೊಂಡು ಒಂದು ಬಿಳಿ ಹಾಳೆ ಕೊಟ್ಟೆ. ಕೋರ್ಸಿನ ಹೆಸರು ಮರೆತುಬಿಡಿ ಅಂದೆ. ಒಂದೊಂದು ಸಾಲಿಗೂ ಒಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ಇದೇ ಸೀಟು ಬಂತು ಅನ್ನಿ, ಹೋಗಿ ಸೇರ್ತೀರಾ? ಸೇರಲ್ಲ ಅನ್ನುವ ಸಾಲು ಪಟ್ಟಿಯಲ್ಲಿ ಇರಬಾರದು. ಎರಡು ಗಂಟೆ ಹಿಡಿಯಿತು. ಸರ್ಕಾರಿ ಎಂಬಿಬಿಎಸ್‌ಗಳು ಮೇಲೆ ಉಳಿದವು. ಕೊನೆಯ ಸುತ್ತಿನಲ್ಲಿ ಕಟ್ ಆಫ್ ಕೆಳಗಿಳಿದು ಸೀಟು ಬಂದರೆ ಬರಲಿ ಅಂತ. ಆಮೇಲೆ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಎಂಬಿಬಿಎಸ್, ಅಂದರೆ ಕಡಿಮೆ ಶುಲ್ಕದ ಸೀಟು. ಅದರ ಕೆಳಗೆ ನೇರವಾಗಿ ಬೆಂಗಳೂರಿನ ಸರ್ಕಾರಿ ಬಿಡಿಎಸ್. ಖಾಸಗಿ ಕೋಟಾದ ಎಂಬಿಬಿಎಸ್ ಸಾಲುಗಳನ್ನೆಲ್ಲ ಅಪ್ಪನೇ ಪೆನ್ನಿಂದ ಗೀಚಿ ಹಾಕಿದರು. "ಮತ್ತೆ ನೀಟ್" ಅನ್ನೋದನ್ನು ನಾನೇ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಮತ್ತೊಂದು ವರ್ಷ ಅದೇ ಪುಸ್ತಕ ಓದಿದ್ರೆ ಭೌತಶಾಸ್ತ್ರ ಬರುತ್ತೋ ಇಲ್ವೋ, ನನಗೆ ಬೇಜಾರು ಬಂದೇ ಬರುತ್ತೆ ಸಾರ್."

ಬಿಡಿಎಸ್ ಬಂತು. ಸೇರಿದಳು.

ಆಮೇಲೆ ಆದದ್ದು

ಮೊದಲ ವರ್ಷ ಹೆಣ ಕೊಯ್ದು ಅಂಗರಚನೆ ಓದಿದಳು. ಊರಿನವರಿಗೆ ಆಶ್ಚರ್ಯ. ಹಲ್ಲಿನವರಿಗೂ ಇದೆಲ್ಲ ಇದೆಯಾ? ಇದೆ. ಮೂರನೇ ವರ್ಷ ಜನರಲ್ ಮೆಡಿಸಿನ್, ಜನರಲ್ ಸರ್ಜರಿಯೂ ಇದೆ. ಜೊತೆಗೆ ಮೇಣದ ತುಂಡಿನಲ್ಲಿ ಹಲ್ಲು ಕೆತ್ತೋದು. ಆ ಮೇಣದ ಹಲ್ಲುಗಳ ಫೋಟೋ ನನಗೆ ಕಳಿಸುತ್ತಿದ್ದಳು. ಒಂದು ಬಾಚಿಹಲ್ಲಿಗೆ ಮೂರು ರಾತ್ರಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಡ್ರಿಲ್ ಹಿಡಿದರೆ ಬಾಯಿಯ ತುಂತುರು ಗಾಳಿಗೆ ಏಳುತ್ತದೆ ಅಂತ ದಂತ ಚಿಕಿತ್ಸೆ ಎಲ್ಲ ಕಡೆ ಹೆಚ್ಚುಕಡಿಮೆ ನಿಂತುಹೋಯಿತು. ಕೈಯಿಂದ ಕಲಿಯಬೇಕಾದ ಕೋರ್ಸನ್ನು ಅವಳು ಊರಿನ ಗುಡ್ಡ ಹತ್ತಿ, ನೆಟ್‌ವರ್ಕ್ ಹುಡುಕಿ ಮೊಬೈಲಿನಲ್ಲಿ ಕೇಳಿದಳು. ಆಗ ಒಮ್ಮೆ "ತಪ್ಪು ಮಾಡಿದೆ" ಅಂದಿದ್ದಳು. ಟಿವಿ ತುಂಬ ಪಿಪಿಇ ಕಿಟ್ ಹಾಕಿದ ಎಂಬಿಬಿಎಸ್ ಡಾಕ್ಟರುಗಳು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಟಿವಿ ಆರಿಸಲೂ ಇಲ್ಲ.

ಕೊನೆಯ ವರ್ಷದ ತಲೆನೋವು ಬೇರೆ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಸೆಟ್ ಕಟ್ಟಬೇಕು ಅಂತ ಲೆಕ್ಕ ಇರುತ್ತದೆ. ರೋಗಿಗಳನ್ನು ಹುಡುಕೋದೇ ಒಂದು ಕೆಲಸ. ಹಲ್ಲಿಲ್ಲದ ತಾತನನ್ನು ಊರಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪೂರ್ತಿ ಸೆಟ್ ಕಟ್ಟಿದಳು. ಐದಾರು ಸಲ ಓಡಾಟ. ತಾತ ಈಗ ಅದನ್ನು ಮದುವೆಗೆ ಮಾತ್ರ ಹಾಕುತ್ತಾರೆ.

ಇಂಟರ್ನ್‌ಶಿಪ್ ಮುಗಿಸಿ ಈಗ ಹಾಸನದಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಸಂಬಳ ಆ ದಂತವೈದ್ಯರು ಮೊದಲೇ ಹೇಳಿದ್ದ ಹಾಗೇ ಇದೆ. ಎಂಡಿಎಸ್‌ಗೆ ಓದುತ್ತಿದ್ದಾಳೆ. ಸಾಲ ಇಲ್ಲ. ನಾನು ಇಲ್ಲಿ "ಸಂತೋಷವಾಗಿದ್ದಾಳೆ" ಅಂತ ಬರೆದಿದ್ದೆ. ಅವಳು ಹೊಡೆದು ಹಾಕಿದ್ದು ಇದನ್ನೇ. ಪಕ್ಕದಲ್ಲಿ "ಪರವಾಗಿಲ್ಲ" ಅಂತ ಬರೆದಳು. ಕೇಳಿದರೆ, "ಅಜ್ಜಿಗೆ ಬಿಪಿ ಮಾತ್ರೆ ಬದಲಾಯಿಸುವಾಗ ಮನೇಲಿ ಯಾರೂ ನನ್ನ ಕೇಳಲ್ಲ ಸಾರ್. ಓದಿದ್ದೀನಿ, ಆದ್ರೂ ಕೇಳಲ್ಲ" ಅಂದಳು.

2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಅಪ್ಪ ಸಿಕ್ಕಾಗ ನಗುತ್ತಾ, "ಈ ರೇಟು ಆಗಲೇ ಇದ್ದಿದ್ರೆ ಆ ಸೀಟು ತಗೋತಿದ್ವೇನೋ" ಅಂದರು. ನಿಜ ಇರಬಹುದು. ಆದರೆ 2019ರ ಜುಲೈನಲ್ಲಿ 2024ರ ಬೆಲೆ ಯಾರಿಗೆ ಗೊತ್ತಿತ್ತು? ಮುಂದಿನದನ್ನು ನೋಡಿ ಹಿಂದಿನ ನಿರ್ಧಾರವನ್ನು ಅಳೆಯೋದು ಸರಿಯಲ್ಲ. ಆ ದಿನ ಕೈಯಲ್ಲಿದ್ದ ಕಾಗದಗಳನ್ನು ಸರಿಯಾಗಿ ಓದಿದೆವಾ ಅಂತ ಮಾತ್ರ ಕೇಳಿಕೊಳ್ಳಬಹುದು.

ಇದರಿಂದ ನಾನು ಕಲಿತದ್ದು

ಅದೇ ತರಗತಿಯ ಇನ್ನಿಬ್ಬರನ್ನೂ ಹೇಳಬೇಕು, ಇಲ್ಲದಿದ್ದರೆ ಚಿತ್ರ ಒಂದೇ ಕಡೆ ವಾಲುತ್ತದೆ. ಒಬ್ಬ ಹುಡುಗ ಇವಳಷ್ಟೇ ಅಂಕ ತೆಗೆದವನು. ನನ್ನ ಸಲಹೆ ಕೇಳಿ ಒಂದು ವರ್ಷ ನಿಂತ. ಸರ್ಕಾರಿ ಎಂಬಿಬಿಎಸ್ ಸಿಕ್ಕಿತು. ಇನ್ನೊಬ್ಬಳು ಎರಡು ವರ್ಷ ನಿಂತಳು. ಸಿಗಲಿಲ್ಲ. ಎರಡನೇ ಸಲದ ಫಲಿತಾಂಶದ ದಿನ ಅವಳು ನನ್ನ ಫೋನ್ ಎತ್ತಲಿಲ್ಲ. ನನ್ನ ಸಲಹೆ ಇಬ್ಬರಿಗೂ ಒಂದೇ ಆಗಿತ್ತು.

ಜನ ಹೋಲಿಸುವ ರೀತಿಯಲ್ಲೇ ತಪ್ಪಿದೆ ಅಂತ ನನಗೆ ಈಗ ಅನಿಸುತ್ತದೆ. ದೊಡ್ಡ ಆಸ್ಪತ್ರೆಯ ಹೃದಯತಜ್ಞರನ್ನು ಒಂದು ಕಡೆ ಇಡುತ್ತಾರೆ. ಇನ್ನೊಂದು ಕಡೆ ರೋಗಿಗಳಿಲ್ಲದೆ ಪೇಪರ್ ಓದುತ್ತಾ ಕೂತ ಹಲ್ಲಿನ ಡಾಕ್ಟರನ್ನು ಇಡುತ್ತಾರೆ. ಯಾವ ಮಗುವಿನ ಮುಂದೂ ಆ ಎರಡು ಸೀಟು ಇರೋದಿಲ್ಲ. ಈ ಹುಡುಗಿಯ ಮುಂದಿದ್ದದ್ದು ಅಪ್ಪ ಕಟ್ಟಬಹುದಾದ ಒಂದು ಸೀಟು, ಚಿಕ್ಕಪ್ಪ ಸಹಿ ಹಾಕದ ಒಂದು ಸೀಟು, ಇನ್ನೂ ಬರೆಯದ ಒಂದು ಪರೀಕ್ಷೆ.

ನಾನು ಬದಲಿಸಿಕೊಂಡದ್ದು ಸ್ವಲ್ಪವೇ. ಸಲಹೆ ಕೊಡುವ ಮೊದಲು ಮಗುವನ್ನು ಒಂದು ವಾರವಾದರೂ ಎರಡೂ ಕಡೆ ಕೂರಿಸಲು ನೋಡುತ್ತೇನೆ. ಹಳ್ಳಿಯಿಂದ ಏಳನೇ ತರಗತಿ ಮಗುವನ್ನು ಪೇಟೆಗೆ ತರುವ ಅಪ್ಪ ಅಮ್ಮ ಸಿಕ್ಕರೆ ಹತ್ತು ವರ್ಷದ ಗ್ರಾಮೀಣ ನಿಯಮ ಮೊದಲು ಹೇಳುತ್ತೇನೆ. ಆಮೇಲೆ ಅವರಿಷ್ಟ. ಫ್ಲೆಕ್ಸಿನಲ್ಲಿ ಎಲ್ಲರ ಫೋಟೋ ಒಂದೇ ಸೈಜಿಗೆ ಹಾಕಿ ಅಂತ ಮ್ಯಾನೇಜ್‌ಮೆಂಟಿಗೆ ಕೇಳಿದೆ. ಆಗಲಿಲ್ಲ.

ಇನ್ನೊಂದು. ಮನುಷ್ಯನ ದೇಹದ ಪಾಠ ಬಂದಾಗ ಇಡೀ ತರಗತಿಗೆ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಿ ಅನ್ನುತ್ತೇನೆ. ಎಲ್ಲ ನಗುತ್ತಾರೆ. ಹೋದ ವರ್ಷ ಕೊನೆಯ ಬೆಂಚಿನ ಒಬ್ಬ ಹುಡುಗ ನಗಲಿಲ್ಲ. ಎರಡೇ ಬೆರಳು ಹೋಗಿತ್ತು. ತರಗತಿ ಮುಗಿದ ಮೇಲೆ ಅವನನ್ನು ಕರೆದು, ಅವಳಿರುವ ಕ್ಲಿನಿಕ್ಕಿನ ವಿಳಾಸ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಹೋಗಿದ್ದನಂತೆ. ಏನಾಯಿತು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.